ಕೊರಿಯಾದ ಶಾಲೆಯಲ್ಲಿ ಇಂಗ್ಲಿಷ್ ಕಲಿಸಿ ಊರಿಗೆ ಮರಳುವವರಿಗೆ ಒಂದು ಮಾರ್ಗದರ್ಶಿ

ದಕ್ಷಿಣ ಕೊರಿಯಾಕ್ಕೆ ಇಂಗ್ಲಿಷ್ ಶಿಕ್ಷಕರಾಗಿ ಹೋಗಬೇಕೆಂದಿರುವವರು ನನ್ನನ್ನು ಕೇಳುವ ಮೊದಲ ಪ್ರಶ್ನೆ ಸಂಬಳದ್ದು, ಎರಡನೆಯದು ಊಟದ್ದು. ಮರಳಿ ಬರುವಾಗ ಕೈಯಲ್ಲಿ ಏನೇನು ಇರಬೇಕು, ಬಂದ ಮೇಲೆ ಏನು ಮಾಡಬೇಕು ಎಂದು ಕೇಳಿದವರು ತೀರ ಕಡಿಮೆ. ಹೊರಡುವಾಗ ನಾನೂ ಅದನ್ನು ಯೋಚಿಸಿರಲಿಲ್ಲ. ಅಲ್ಲಿನ ಹಳ್ಳಿಯೊಂದರ ಪ್ರಾಥಮಿಕ ಶಾಲೆಯಲ್ಲಿ ಎರಡು ವರ್ಷ ಸಹಾಯಕ ಶಿಕ್ಷಕ ಹುದ್ದೆಯಲ್ಲಿದ್ದು ಹಿಂತಿರುಗಿದಾಗ, ಅನುಭವ ಪತ್ರ ಕೊರಿಯನ್ ಭಾಷೆಯಲ್ಲಿ ಮಾತ್ರ ಇದ್ದು ಅದರ ಮೇಲೆ ಅಪೊಸ್ಟಿಲ್, ಅಂದರೆ ಹೊರದೇಶದಲ್ಲಿಯೂ ಮಾನ್ಯವಾಗುವ ಸರ್ಕಾರಿ ದೃಢೀಕರಣದ ಮುದ್ರೆ, ಇಲ್ಲವೆಂಬ ಒಂದೇ ಕಾರಣಕ್ಕೆ ನನ್ನ ಸೇವೆಯನ್ನು ಲೆಕ್ಕಕ್ಕೆ ಹಿಡಿಯಲು ಇಲ್ಲಿನ ಸಂಸ್ಥೆಯೊಂದು ಒಪ್ಪಲಿಲ್ಲ. ಅದನ್ನು ದೂರದಿಂದಲೇ ಸರಿಪಡಿಸಿಕೊಳ್ಳಲು ಐದು ತಿಂಗಳು ಹಿಡಿಯಿತು. ಆದ್ದರಿಂದ ಹೋಗುವ ಕ್ರಮವನ್ನೂ ಮರಳುವ ಕ್ರಮವನ್ನೂ ಒಂದೇ ಕೆಲಸದ ಎರಡು ತುದಿಗಳೆಂದು ತಿಳಿದು ಇಲ್ಲಿ ಬರೆದಿದ್ದೇನೆ.

ಮೊದಲ ಹೆಜ್ಜೆ: ನಿಮಗೆ ಯಾವ ಬಾಗಿಲು ತೆರೆದಿದೆ ಎಂದು ತಿಳಿಯುವುದು

ಕೊರಿಯಾದಲ್ಲಿ ವಿದೇಶಿ ಭಾಷೆ ಕಲಿಸುವವರಿಗೆ ಕೊಡುವ ವೀಸಾಕ್ಕೆ ಇ-2 ಎಂದು ಹೆಸರು. ಇಂಗ್ಲಿಷ್ ಕಲಿಸಲು ಈ ವೀಸಾ ಸಾಮಾನ್ಯವಾಗಿ ಏಳು ದೇಶಗಳ ಪೌರರಿಗೆ ಸಿಗುತ್ತದೆ: ಅಮೆರಿಕ, ಬ್ರಿಟನ್, ಕೆನಡಾ, ಐರ್ಲೆಂಡ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಮತ್ತು ದಕ್ಷಿಣ ಆಫ್ರಿಕಾ. ಈ ದೇಶಗಳ ಪಾಸ್‌ಪೋರ್ಟ್ ಹೊಂದಿರುವ ಕನ್ನಡಿಗರ ಮಕ್ಕಳಿಗೆ ಸರ್ಕಾರಿ ಶಾಲೆಗಳೂ, ‘ಹಾಗ್ವೊನ್’ ಎಂದು ಕರೆಯಲಾಗುವ ಖಾಸಗಿ ಪಾಠಶಾಲೆಗಳೂ ತೆರೆದಿರುತ್ತವೆ. ಹಾಗ್ವೊನ್ ಎಂದರೆ ನಮ್ಮ ಟ್ಯೂಷನ್ ಸೆಂಟರಿನಂಥದು, ಆದರೆ ಅದಕ್ಕಿಂತ ಬಹಳ ದೊಡ್ಡ ವ್ಯವಸ್ಥೆ. ಶಾಲೆ ಮುಗಿದ ಮೇಲೆ ಮಕ್ಕಳು ಅಲ್ಲಿಗೆ ಹೋಗುವುದರಿಂದ ಅಲ್ಲಿನ ಶಿಕ್ಷಕರ ಕೆಲಸ ಹೆಚ್ಚಾಗಿ ಮಧ್ಯಾಹ್ನ ಆರಂಭವಾಗಿ ರಾತ್ರಿಯವರೆಗೆ ಸಾಗುತ್ತದೆ.

ಭಾರತದ ಪಾಸ್‌ಪೋರ್ಟ್ ಇರುವವರ ಸ್ಥಿತಿ ಬೇರೆ. ಭಾರತ ಮತ್ತು ಕೊರಿಯಾ 2009ರ ಆಗಸ್ಟ್‌ನಲ್ಲಿ ಸಹಿ ಹಾಕಿ 2010ರ ಜನವರಿ 1ರಿಂದ ಜಾರಿಗೆ ತಂದ ಸಮಗ್ರ ಆರ್ಥಿಕ ಪಾಲುದಾರಿಕೆ ಒಪ್ಪಂದದಲ್ಲಿ, ಅಂದರೆ ‘ಸೆಪಾ’ದಲ್ಲಿ, ಭಾರತೀಯರು ಅಲ್ಲಿನ ಶಾಲೆಗಳಲ್ಲಿ ಇಂಗ್ಲಿಷ್ ಸಹಾಯಕ ಶಿಕ್ಷಕರಾಗಲು ಅವಕಾಶ ಕಲ್ಪಿಸಲಾಯಿತು. ಇದಕ್ಕೆ ಪದವಿಯ ಜೊತೆಗೆ ಇಂಗ್ಲಿಷ್ ಬೋಧನೆಯ ಶಿಕ್ಷಕ ಅರ್ಹತೆಯೂ ಬೇಕು. ನಮ್ಮಲ್ಲಿ ಅದೆಂದರೆ ಇಂಗ್ಲಿಷನ್ನು ಬೋಧನಾ ವಿಷಯವಾಗಿ ತೆಗೆದುಕೊಂಡ ಬಿ.ಎಡ್. ಬಾಗಿಲು ಕಿರಿದಾದದ್ದು, ಹುದ್ದೆಗಳೂ ಕಡಿಮೆ. ಆದರೂ ಅದು ನಿಜವಾದ ಬಾಗಿಲು. ಇದಕ್ಕೆ ಹೊರತಾಗಿ, ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡೇ ಹಾಗ್ವೊನ್‌ನಲ್ಲಿ ಕೆಲಸ ಕೊಡಿಸುತ್ತೇವೆ, ಮೊದಲು ಪ್ರವಾಸಿ ವೀಸಾದಲ್ಲಿ ಹೋಗಿ, ಉಳಿದದ್ದು ಆಮೇಲೆ ನೋಡೋಣ ಎನ್ನುವ ಏಜೆಂಟರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ. ಹಾಗೆ ಹೋದವರು ಕಾನೂನುಬಾಹಿರ ಕೆಲಸಗಾರರಾಗುತ್ತಾರೆ; ದಂಡ ತೆತ್ತು ಗಡೀಪಾರಾಗಿ ಬಂದರೆ ಮುಂದೆ ಆ ದೇಶದ ಬಾಗಿಲೇ ಮುಚ್ಚಬಹುದು.

ಬಿ.ಎಡ್. ಮುಗಿಸಿ ಒಂದೆರಡು ವರ್ಷ ಇಲ್ಲಿಯೇ ಕಲಿಸಿದ ಅನುಭವ ಪಡೆದು ಹೋಗುವುದು ಒಳ್ಳೆಯದು. ಇಲ್ಲಿ ಕಲಿಸದೆ ನೇರವಾಗಿ ಅಲ್ಲಿಗೆ ಹೋದವರಿಗೆ, ಮರಳಿದ ಮೇಲೆ ತಮ್ಮ ಅನುಭವವನ್ನು ಇಲ್ಲಿನ ತರಗತಿಗೆ ಹೊಂದಿಸುವುದು ಕಷ್ಟವಾಗುತ್ತದೆ.

ಕಾಗದಪತ್ರಗಳು: ಎರಡೆರಡು ಪ್ರತಿ, ಎರಡೂ ಕಡೆಗೆ

ಪದವಿ ಪ್ರಮಾಣಪತ್ರ ಮತ್ತು ಪೊಲೀಸ್ ಪರಿಶೀಲನಾ ಪತ್ರ ಎರಡಕ್ಕೂ ಅಪೊಸ್ಟಿಲ್ ಮುದ್ರೆ ಬೇಕಾಗುತ್ತದೆ. ಭಾರತ 2005ರಲ್ಲಿ, ಕೊರಿಯಾ 2007ರಲ್ಲಿ ಅಪೊಸ್ಟಿಲ್ ಒಡಂಬಡಿಕೆಗೆ ಒಳಪಟ್ಟಿರುವುದರಿಂದ ರಾಯಭಾರ ಕಚೇರಿಯಲ್ಲಿ ಮತ್ತೆ ದೃಢೀಕರಿಸಿಕೊಳ್ಳುವ ಅಲೆದಾಟ ತಪ್ಪಿದೆ. ಪದವಿ ಪತ್ರವನ್ನು ಮೊದಲು ರಾಜ್ಯ ಸರ್ಕಾರದಿಂದ ದೃಢೀಕರಿಸಿಕೊಂಡು, ಬಳಿಕ ವಿದೇಶಾಂಗ ಸಚಿವಾಲಯದ ಅಪೊಸ್ಟಿಲ್ ಪಡೆಯಬೇಕು. ವಿಶ್ವವಿದ್ಯಾಲಯದಿಂದ ಘಟಿಕೋತ್ಸವದ ಪ್ರಮಾಣಪತ್ರವನ್ನೇ ಇನ್ನೂ ಪಡೆಯದಿರುವವರು ನಮ್ಮಲ್ಲಿ ಬಹಳ ಮಂದಿ. ಅವರು ಎಲ್ಲಕ್ಕಿಂತ ಮೊದಲು ಆ ಅರ್ಜಿ ಹಾಕಲಿ, ಏಕೆಂದರೆ ಉಳಿದ ಕೆಲಸವೆಲ್ಲ ಅದರ ಹಿಂದೆ ನಿಲ್ಲುತ್ತದೆ. ಪೊಲೀಸ್ ಪತ್ರವನ್ನು, ಅಂದರೆ ಪಿಸಿಸಿಯನ್ನು, ಪಾಸ್‌ಪೋರ್ಟ್ ಸೇವಾ ಕೇಂದ್ರದ ಮೂಲಕ ಪಡೆಯಬೇಕು. ಅದು ಅರ್ಜಿ ಸಲ್ಲಿಸುವ ಹೊತ್ತಿಗೆ ಆರು ತಿಂಗಳೊಳಗಿನದಾಗಿರಬೇಕು, ಆದ್ದರಿಂದ ಅದನ್ನು ಮಾತ್ರ ಬಹಳ ಮುಂಚೆ ಮಾಡಿಸಬೇಡಿ.

ಈ ಹಂತದಲ್ಲಿ ಹೆಚ್ಚಿನವರು ಬಿಟ್ಟುಬಿಡುವ ಒಂದು ಕೆಲಸವಿದೆ. ಊರಿನಲ್ಲಿ ಕಲಿಸಿದ ಶಾಲೆಗಳಿಂದ ಸೇವಾ ಪ್ರಮಾಣಪತ್ರ, ಕೊನೆಯ ಸಂಬಳದ ಚೀಟಿ, ಭವಿಷ್ಯನಿಧಿ ಖಾತೆಯ ಸಂಖ್ಯೆ ಇವುಗಳನ್ನು ಹೊರಡುವ ಮೊದಲೇ ಪಡೆದು, ಸ್ಕ್ಯಾನ್ ಮಾಡಿ, ಮೂಲಪ್ರತಿಗಳನ್ನು ಮನೆಯಲ್ಲಿ ಒಬ್ಬರ ಜವಾಬ್ದಾರಿಗೆ ಒಪ್ಪಿಸಿ. ಎರಡು ವರ್ಷದ ಬಳಿಕ ಶಾಲೆಯ ಆಡಳಿತ ಮಂಡಳಿ ಬದಲಾಗಿರಬಹುದು, ಗುಮಾಸ್ತರು ನಿವೃತ್ತರಾಗಿರಬಹುದು.

ಒಪ್ಪಂದವನ್ನು ಓದುವ ರೀತಿ

ಕೊರಿಯಾದ ಸರ್ಕಾರಿ ಶಾಲೆಗಳಿಗೆ ವಿದೇಶಿ ಇಂಗ್ಲಿಷ್ ಶಿಕ್ಷಕರನ್ನು ಕರೆಸಿಕೊಳ್ಳುವ ‘ಎಪಿಕ್’ ಕಾರ್ಯಕ್ರಮ 1995ರಿಂದ ನಡೆದುಬಂದಿದೆ. ಅದರ ಮಾದರಿಯಲ್ಲಿ ಒಪ್ಪಂದ ಒಂದು ವರ್ಷದ್ದು, ವಾರಕ್ಕೆ 22 ಗಂಟೆಯ ಬೋಧನೆ, ಉಳಿದ ವೇಳೆ ಶಾಲೆಯಲ್ಲಿದ್ದು ಪಾಠದ ಸಿದ್ಧತೆ. ಅಲ್ಲಿನ ಶೈಕ್ಷಣಿಕ ವರ್ಷ ಮಾರ್ಚ್ ಮೊದಲ ವಾರ ಆರಂಭವಾಗಿ ಫೆಬ್ರುವರಿಯಲ್ಲಿ ಮುಗಿಯುವುದರಿಂದ ನೇಮಕಾತಿಯೂ ಫೆಬ್ರುವರಿ ಮತ್ತು ಆಗಸ್ಟ್ ಎಂಬ ಎರಡು ಹೊತ್ತಿಗೆ ನಡೆಯುತ್ತದೆ. ನೀವು ಯಾವ ತಿಂಗಳು ಹೋಗುತ್ತೀರೋ ಸಾಮಾನ್ಯವಾಗಿ ಅದೇ ತಿಂಗಳು ಮರಳುತ್ತೀರಿ ಎಂಬುದನ್ನು ನೆನಪಿಡಿ. ತೆರಿಗೆಯ ಮಾತು ಬಂದಾಗ ಇದರ ಮಹತ್ವ ತಿಳಿಯುತ್ತದೆ.

ಒಪ್ಪಂದದಲ್ಲಿ ಸಂಬಳದ ಅಂಕಿಯ ಜೊತೆಗೆ ಇಷ್ಟನ್ನು ಹುಡುಕಿ: ಮನೆ ಶಾಲೆಯದೋ ಅಥವಾ ಬಾಡಿಗೆ ಭತ್ಯೆಯೋ, ಮನೆಯ ಠೇವಣಿ ಯಾರ ಹೆಸರಿನಲ್ಲಿದೆ, ರಜೆಯ ಶಿಬಿರಗಳ ದುಡಿಮೆ ಒಪ್ಪಂದದೊಳಗೆ ಬರುತ್ತದೆಯೇ, ಮಧ್ಯದಲ್ಲಿ ಬಿಟ್ಟರೆ ಯಾವ ಹಣವನ್ನು ಹಿಂದಿರುಗಿಸಬೇಕು, ನಿವೃತ್ತಿ ವೇತನ ನಿಧಿ ಮತ್ತು ಆರೋಗ್ಯ ವಿಮೆಗೆ ಶಾಲೆ ತನ್ನ ಪಾಲು ಕಟ್ಟುತ್ತದೆಯೇ. ಕೊರಿಯನ್ನರು ದೊಡ್ಡ ಮೊತ್ತವನ್ನು ‘ಮಾನ್’ ಎಂಬ ಹತ್ತು ಸಾವಿರದ ಘಟಕದಲ್ಲಿ ಎಣಿಸುತ್ತಾರೆ. ಹತ್ತು ಮಾನ್ ಎಂದರೆ ನಮ್ಮ ಒಂದು ಲಕ್ಷ. ಆದ್ದರಿಂದ ಮಿಲಿಯನ್ ಲೆಕ್ಕದ ಗೋಜಿಗೆ ಹೋಗದೆ, 220 ಮಾನ್ ಎಂದರೆ 22 ಲಕ್ಷ ವೋನ್ ಎಂದು ನೇರವಾಗಿ ಲಕ್ಷದಲ್ಲಿಯೇ ಎಣಿಸುವುದನ್ನು ರೂಢಿಸಿಕೊಳ್ಳಿ.

ಇನ್ನೊಂದು ಎಚ್ಚರಿಕೆ. ಇ-2 ವೀಸಾ ನಿಮ್ಮನ್ನು ಕರೆಸಿಕೊಂಡ ಸಂಸ್ಥೆಗೆ ಕಟ್ಟಿರುತ್ತದೆ. ನೆರೆಮನೆಯವರು ಪ್ರೀತಿಯಿಂದ, ತಮ್ಮ ಮಗುವಿಗೆ ವಾರಕ್ಕೆ ಎರಡು ಗಂಟೆ ಹೇಳಿಕೊಡಿ, ದುಡ್ಡು ಕೊಡುತ್ತೇವೆ ಎಂದರೂ ಒಪ್ಪಬಾರದು. ಖಾಸಗಿ ಮನೆಪಾಠ ಆ ವೀಸಾದಲ್ಲಿ ನಿಷಿದ್ಧ.

ಮೊದಲ ಮೂರು ತಿಂಗಳು

ತಲುಪಿದ 90 ದಿನದೊಳಗೆ ವಲಸೆ ಕಚೇರಿಯಲ್ಲಿ ವಿದೇಶಿಯರ ನೋಂದಣಿ ಚೀಟಿ ಮಾಡಿಸಬೇಕು. ಅದಕ್ಕೆ ಮೊದಲು ಮಾದಕ ವಸ್ತುಗಳ ಪರೀಕ್ಷೆಯನ್ನು ಒಳಗೊಂಡ ವೈದ್ಯಕೀಯ ತಪಾಸಣೆ ಇರುತ್ತದೆ. ನಿತ್ಯ ಔಷಧಿ ಸೇವಿಸುವವರು ವೈದ್ಯರ ಚೀಟಿಯ ಇಂಗ್ಲಿಷ್ ಪ್ರತಿಯನ್ನು ಜೊತೆಗೆ ಒಯ್ಯಬೇಕು. ಮೊಬೈಲ್ ಸಂಪರ್ಕ, ಪೂರ್ಣ ಸೌಲಭ್ಯದ ಬ್ಯಾಂಕ್ ಖಾತೆ, ಆನ್‌ಲೈನ್ ಖರೀದಿ ಎಲ್ಲವೂ ಆ ಚೀಟಿಯ 13 ಅಂಕಿಯ ಸಂಖ್ಯೆಗೆ ಅಂಟಿಕೊಂಡಿರುವುದರಿಂದ, ಅದು ಬರುವವರೆಗಿನ ಕೆಲವು ವಾರಗಳ ಖರ್ಚಿಗೆ ಹಣ ಇಟ್ಟುಕೊಂಡಿರಿ. ವೀಸಾ ಸಂಬಂಧದ ಸಂದೇಹಗಳಿಗೆ 1345, ಕಾರ್ಮಿಕ ಕಾನೂನಿನ ಸಂದೇಹಗಳಿಗೆ 1350, ಆಂಬ್ಯುಲೆನ್ಸ್‌ಗೆ 119, ಪೊಲೀಸರಿಗೆ 112: ಈ ನಾಲ್ಕು ಸಂಖ್ಯೆಗಳನ್ನು ಬರೆದಿಟ್ಟುಕೊಳ್ಳಿ.

ದಾರಿ ಹುಡುಕಲು ನೇವರ್ ಮ್ಯಾಪ್, ಮಾತುಕತೆಗೆ ಕಾಕಾವೊಟಾಕ್, ಅನುವಾದಕ್ಕೆ ಪಾಪಾಗೊ, ಬಸ್ಸು ಮೆಟ್ರೋಗೆ ಟಿ-ಮನಿ ಕಾರ್ಡ್ ಸಾಕು. ಮನೆಯ ಕಸದ ವಿಷಯದಲ್ಲಿ ಹೆಚ್ಚು ಎಚ್ಚರ ಬೇಕು: ಸ್ಥಳೀಯ ಆಡಳಿತ ಮಾರುವ ನಿಗದಿತ ಚೀಲದಲ್ಲಿಯೇ ಕಸ ಹಾಕಬೇಕು, ಅಡುಗೆಮನೆಯ ಕಸ ಬೇರೆ, ಮರುಬಳಕೆಯದು ಬೇರೆ. ಫೆಬ್ರುವರಿಯಲ್ಲಿ ತಲುಪುವವರಿಗೆ ಇನ್ನೂ ಕೊರೆಯುವ ಚಳಿಯಿರುತ್ತದೆ. ಆದರೆ ‘ಒಂದೊಲ್’ ಎಂಬ ನೆಲದಡಿಯ ಕಾವಿನ ವ್ಯವಸ್ಥೆಯಿಂದ ಮನೆಯೊಳಗೆ ಬೆಚ್ಚಗಿರುತ್ತದೆ, ಹಾಗಾಗಿ ಊರಿನಿಂದ ಕಂಬಳಿ ಹೊತ್ತು ಒಯ್ಯುವ ಅಗತ್ಯವಿಲ್ಲ. ಆ ಜಾಗದಲ್ಲಿ ಸಾರಿನ ಪುಡಿ, ಹುಣಸೆಹಣ್ಣು, ಇಂಗು ಇಡಿ.

ಊಟ

ಸಸ್ಯಾಹಾರಿಗಳಿಗೆ ಕೊರಿಯಾದಲ್ಲಿ ಕಷ್ಟವಿರುವುದು ಕಣ್ಣಿಗೆ ಕಾಣುವ ಮಾಂಸದಿಂದಲ್ಲ, ಕಾಣದ ಮೀನಿನಿಂದ. ಸಾರುಗಳಿಗೆ ಒಣಮೀನಿನ ರಸವನ್ನೂ, ಕಿಮ್ಚಿ ಎಂಬ ತರಕಾರಿಯ ಉಪ್ಪಿನಕಾಯಿಗೆ ಹುಳಿಸಿದ ಮೀನಿನ ಅಥವಾ ಸಿಗಡಿಯ ಪಾಕವನ್ನೂ ಸೇರಿಸುವುದು ಅಲ್ಲಿನ ವಾಡಿಕೆ, ಮತ್ತು ಅದನ್ನು ಮಾಂಸಾಹಾರವೆಂದು ಎಷ್ಟೋ ಜನ ಎಣಿಸುವುದೇ ಇಲ್ಲ. ಆದ್ದರಿಂದ ‘ಗೋಗಿ ಆನ್ ಮೊಗೊಯೊ’, ಅಂದರೆ ಮಾಂಸ ತಿನ್ನುವುದಿಲ್ಲ ಎಂದಷ್ಟೇ ಹೇಳಿದರೆ ಸಾಲದು. ‘ಸೆಂಗ್‌ಸೊನ್‌ದೊ ಆನ್ ಮೊಗೊಯೊ’, ಮೀನನ್ನೂ ತಿನ್ನುವುದಿಲ್ಲ ಎಂದು ಸೇರಿಸಬೇಕು. ಶಾಲೆಯಲ್ಲಿ ಮಧ್ಯಾಹ್ನ ಎಲ್ಲರೂ ಒಟ್ಟಿಗೆ ಉಕ್ಕಿನ ತಟ್ಟೆಯಲ್ಲಿ ಊಟ ಮಾಡುತ್ತಾರೆ. ತಿಂಗಳ ಊಟದ ಪಟ್ಟಿಯನ್ನು ಮೊದಲೇ ಪ್ರಕಟಿಸುತ್ತಾರೆ, ಪ್ರತಿ ಪದಾರ್ಥದ ಮುಂದೆ ಅಲರ್ಜಿ ಉಂಟುಮಾಡಬಲ್ಲ ವಸ್ತುಗಳ ಸಂಖ್ಯೆ ಇರುತ್ತದೆ. ಆ ಸಂಖ್ಯೆಗಳನ್ನು ಓದಲು ಕಲಿತರೆ ಹಂದಿಮಾಂಸ, ಸಿಗಡಿ, ಮೊಟ್ಟೆ ಎಲ್ಲಿವೆ ಎಂದು ಯಾರನ್ನೂ ಕೇಳದೆ ತಿಳಿಯಬಹುದು. ನಾನು ವಾರಕ್ಕೆ ಮೂರು ದಿನ ಡಬ್ಬಿ ಒಯ್ಯುತ್ತಿದ್ದೆ, ಆದರೆ ಊಟದ ಕೋಣೆಗೆ ಹೋಗುವುದನ್ನು ಒಂದು ದಿನವೂ ತಪ್ಪಿಸಲಿಲ್ಲ. ಒಟ್ಟಿಗೆ ಕುಳಿತು ಉಣ್ಣದವರನ್ನು ಅಲ್ಲಿ ತಮ್ಮವರೆಂದು ಭಾವಿಸುವುದು ನಿಧಾನ.

ಸೋಲ್ ನಗರದ ಇತೆವೊನ್‌ನಲ್ಲಿ, 1976ರಲ್ಲಿ ತೆರೆದ ದೊಡ್ಡ ಮಸೀದಿಯ ಸುತ್ತಮುತ್ತ, ಬೇಳೆಕಾಳು, ಮಸಾಲೆ, ಗೋಧಿಹಿಟ್ಟು ಮಾರುವ ಅಂಗಡಿಗಳಿವೆ. ಅಕ್ಕಿಯೇನೋ ಎಲ್ಲೆಡೆ ಸಿಗುತ್ತದೆ, ಆದರೆ ಅದು ಗಿಡ್ಡಕಾಳಿನ ಅಂಟು ಅಕ್ಕಿ. ಚಿತ್ರಾನ್ನಕ್ಕೆ ಒಗ್ಗದು, ಮೊಸರನ್ನಕ್ಕೆ ಚೆನ್ನಾಗಿ ಒಗ್ಗುತ್ತದೆ.

ಭಾಷೆ: ಕನ್ನಡಿಗರಿಗೆ ಇರುವ ಅನುಕೂಲ

ಕೊರಿಯನ್ ಕಲಿಯದೆಯೂ ಒಂದು ವರ್ಷ ಕಳೆಯಬಹುದೆಂದು ಹೇಳುವವರಿದ್ದಾರೆ. ದಯವಿಟ್ಟು ಹಾಗೆ ಕಳೆಯಬೇಡಿ. ಸೇಜೊಂಗ್ ದೊರೆ 1443ರಲ್ಲಿ ರೂಪಿಸಿ 1446ರಲ್ಲಿ ಪ್ರಕಟಿಸಿದ ಹಂಗುಲ್ ಲಿಪಿಯಲ್ಲಿ ಇಂದು ಬಳಕೆಯಲ್ಲಿರುವ ಮೂಲಾಕ್ಷರಗಳು 14 ವ್ಯಂಜನ, 10 ಸ್ವರ. ವ್ಯಂಜನಕ್ಕೆ ಸ್ವರ ಕೂಡಿಸಿ ಒಂದು ಅಕ್ಷರದ ಗುಂಪು ಮಾಡುವ ಪದ್ಧತಿ ಕಾಗುಣಿತ ಕಲಿತವರಿಗೆ ಹೊಸದಲ್ಲ. ಒಂದು ವಾರದಲ್ಲಿ ಬಸ್ಸಿನ ಫಲಕ ಓದಬಹುದು. ವಾಕ್ಯದ ಕ್ರಮವೂ ನಮ್ಮದೇ: ಕರ್ತೃ, ಕರ್ಮ, ಕೊನೆಗೆ ಕ್ರಿಯಾಪದ, ನಾಮಪದದ ಹಿಂದೆ ಪ್ರತ್ಯಯ. ‘ನಾನುನ್ ಬಾಬುಲ್ ಮೊಗೊಸ್ಸೊಯೊ’ ಎಂಬುದನ್ನು ‘ನಾನು ಅನ್ನವನ್ನು ತಿಂದೆ’ ಎಂದು ಪದಕ್ಕೆ ಪದವಿಟ್ಟು ಹೇಳಬಹುದು. ಅಪ್ಪನಿಗೆ ಅವರೂ ‘ಅಪ್ಪಾ’ ಎನ್ನುತ್ತಾರೆ. ಇಂಥ ಹೋಲಿಕೆಗಳಿಂದ ಎರಡು ಭಾಷೆಗಳೂ ಒಂದೇ ಕುಲದವು ಎಂದು ತೀರ್ಮಾನಿಸಿಬಿಡುವುದು ತಪ್ಪು, ಭಾಷಾವಿಜ್ಞಾನ ಅದನ್ನು ಸ್ಥಾಪಿಸಿಲ್ಲ. ಆದರೆ ಕಲಿಯುವವರಿಗೆ ಇವು ನೆರವಾಗುವುದರಲ್ಲಿ ಸಂಶಯವಿಲ್ಲ.

ನೀನು, ನೀವು ಎಂಬ ನಮ್ಮ ಭೇದಕ್ಕಿಂತಲೂ ಸೂಕ್ಷ್ಮವಾದ ಮರ್ಯಾದೆಯ ಮೆಟ್ಟಿಲುಗಳು ಅಲ್ಲಿನ ಕ್ರಿಯಾಪದಗಳಲ್ಲಿವೆ. ಹೊಸಬರು ಸದಾ ಮರ್ಯಾದೆಯ ರೂಪವನ್ನೇ ಬಳಸಬೇಕು. ಸಹೋದ್ಯೋಗಿಗಳನ್ನು ಹೆಸರು ಹಿಡಿದು ಕರೆಯದೆ ‘ಸೊನ್‌ಸೆಂಗ್‌ನಿಮ್’ ಎಂದು, ಅಂದರೆ ‘ಮೇಷ್ಟ್ರೇ’ ಎನ್ನುವ ಹಾಗೆ ಕರೆಯಬೇಕು. ಏನನ್ನಾದರೂ ಕೊಡುವಾಗ, ತೆಗೆದುಕೊಳ್ಳುವಾಗ ಎರಡೂ ಕೈ. ಶಾಲೆಯೊಳಗೆ ಹೊರಗಿನ ಪಾದರಕ್ಷೆ ಬಿಟ್ಟು ಒಳಚಪ್ಪಲಿ ಹಾಕಿಕೊಳ್ಳಬೇಕು. ಬೆಳಗ್ಗೆ ಎದುರಾದವರು ‘ಬಾಪ್ ಮೊಗೊಸ್ಸೊಯೊ?’ ಎಂದು ಕೇಳಿದರೆ ಅದು ನಮ್ಮ ‘ಊಟ ಆಯ್ತಾ?’ ಇದ್ದಂತೆ, ಆಯ್ತು ಎಂದು ನಗುವುದಷ್ಟೇ ಉತ್ತರ. ನನಗೆ ಪರವೂರಿನ ಭಾವ ಮೊದಲ ಸಲ ಕರಗಿದ್ದು ಈ ಪ್ರಶ್ನೆಯಿಂದ.

ಹಿರಿಯ ಶಿಕ್ಷಕರು ಹೊ ಹ್ವಾಂಗ್-ಓಕ್ ರಾಣಿಯ ಕಥೆ ಎತ್ತಬಹುದು. ಆಯುತ ಎಂಬ, ನಮ್ಮ ಅಯೋಧ್ಯೆಯೇ ಎಂದು ಅಲ್ಲಿ ಹಲವರು ನಂಬುವ ದೇಶದಿಂದ ಸಮುದ್ರ ದಾಟಿ ಬಂದು ಕೊರಿಯಾದ ಪ್ರಾಚೀನ ಕಾಯಾ ರಾಜ್ಯದ ದೊರೆಯನ್ನು ಮದುವೆಯಾದಳೆಂದು ಹದಿಮೂರನೆಯ ಶತಮಾನದ ಗ್ರಂಥವೊಂದು ಹೇಳುತ್ತದೆ, ಗಿಮ್ಹೇ ನಗರದಲ್ಲಿ ಅವಳ ಸಮಾಧಿಯೆಂದು ನಂಬಲಾದ ದಿಬ್ಬವೂ ಇದೆ. ಅದು ಐತಿಹ್ಯವೇ ಹೊರತು ಸಾಬೀತಾದ ಇತಿಹಾಸವಲ್ಲ. ಆದರೆ ನಿಮ್ಮನ್ನು ನೆಂಟರಂತೆ ಕಾಣಲು ಅವರು ಹುಡುಕಿಕೊಂಡ ದಾರಿ ಅದು; ಗೌರವದಿಂದ ಕೇಳಿಸಿಕೊಳ್ಳಿ.

ತರಗತಿಯಲ್ಲಿ

ಕೊರಿಯಾದ ಮಕ್ಕಳು ಮೂರನೆಯ ತರಗತಿಯಿಂದ ಇಂಗ್ಲಿಷ್ ಕಲಿಯುತ್ತಾರೆ. ಪ್ರಾಥಮಿಕ ಶಾಲೆಯಲ್ಲಿ ಒಂದು ಪಾಠ 40 ನಿಮಿಷ, ಮಾಧ್ಯಮಿಕದಲ್ಲಿ 45, ಪ್ರೌಢಶಾಲೆಯಲ್ಲಿ 50. ನಿಮ್ಮ ಜೊತೆಗೆ ಕೊರಿಯನ್ ಸಹಶಿಕ್ಷಕರೊಬ್ಬರಿರುತ್ತಾರೆ, ಮತ್ತು ನಿಮ್ಮ ವರ್ಷ ಹೇಗಿರುತ್ತದೆ ಎಂಬುದು ಬಹುಮಟ್ಟಿಗೆ ಅವರೊಂದಿಗಿನ ಹೊಂದಾಣಿಕೆಯನ್ನೇ ಅವಲಂಬಿಸಿರುತ್ತದೆ. ಪ್ರತಿ ವಾರ ಇಬ್ಬರೂ ಕುಳಿತು ಮುಂದಿನ ವಾರದ ಪಾಠವನ್ನು ಹಂಚಿಕೊಳ್ಳಿ. ಮಕ್ಕಳ ಮುಂದೆ ಅವರನ್ನು ತಿದ್ದಬೇಡಿ. ಅವರು ಬೇಡವೆನ್ನುವುದು ಬಾಯಿಂದ ಬರುವುದು ಅಪರೂಪ. ‘ಸ್ವಲ್ಪ ಕಷ್ಟವಾಗಬಹುದು’ ಎಂದರೆ ಸಾಮಾನ್ಯವಾಗಿ ಅದೇ ಬೇಡ.

ಕನ್ನಡಿಗ ಶಿಕ್ಷಕರನ್ನು ಒಳಗೊಳಗೇ ಕಾಡುವ ಚಿಂತೆ ಉಚ್ಚಾರದ್ದು. ಪೋಷಕರಲ್ಲಿ ಅಮೆರಿಕದ ಧಾಟಿಯ ನಿರೀಕ್ಷೆ ಇರುವುದು ನಿಜ. ನನ್ನ ಅನುಭವದಲ್ಲಿ ಅದನ್ನು ಅನುಕರಿಸಲು ಹೋಗುವುದು ವ್ಯರ್ಥ, ಆದರೆ ಸ್ಪಷ್ಟತೆಗಾಗಿ ಶ್ರಮಿಸುವುದು ಕರ್ತವ್ಯ. ‘ಎ’ಯಿಂದ ಆರಂಭವಾಗುವ ಪದಗಳ ಮುಂದೆ ನಾವು ಸೇರಿಸುವ ‘ಯ’ಕಾರ, ವಕಾರದ ಎರಡು ಇಂಗ್ಲಿಷ್ ಧ್ವನಿಗಳನ್ನು ಒಂದೇ ಮಾಡುವುದು, ಟಕಾರ ಡಕಾರಗಳನ್ನು ನಾಲಿಗೆ ಹಿಂದಕ್ಕೆ ಮಡಚಿ ಹೇಳುವುದು, ಒತ್ತು ಬೀಳಬೇಕಾದ ಕಡೆ ಬೀಳದಿರುವುದು: ಇವನ್ನು ನಿಮ್ಮದೇ ದನಿ ಮುದ್ರಿಸಿಕೊಂಡು ಹೊರಡುವ ಮೊದಲೇ ತಿದ್ದಿಕೊಳ್ಳಿ. 1963ರಲ್ಲಿ ಆರಂಭವಾಗಿ ಈಗ ಬೆಂಗಳೂರಿನ ಜ್ಞಾನಭಾರತಿ ಆವರಣದಲ್ಲಿರುವ ದಕ್ಷಿಣ ಭಾರತ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ ಇಂಗ್ಲಿಷ್ ಶಿಕ್ಷಕರ ತರಬೇತಿಗೆಂದೇ ಇರುವ ಸಂಸ್ಥೆ.

ಇದಕ್ಕೆ ಇನ್ನೊಂದು ಮುಖವೂ ಇದೆ. ಕೊರಿಯಾದ ಮಕ್ಕಳು ಎಡವುವ ಕಡೆಗಳಲ್ಲಿ ಬಹಳಷ್ಟು ನಮ್ಮ ಹಳ್ಳಿಯ ಮಕ್ಕಳು ಎಡವುವ ಕಡೆಗಳೇ. ವ್ಯಂಜನದಲ್ಲಿ ಮುಗಿಯುವ ಎಷ್ಟೋ ಇಂಗ್ಲಿಷ್ ಪದಗಳು ಅವರ ಬಾಯಲ್ಲಿ ಹಾಗೆಯೇ ನಿಲ್ಲವು. ನಾವು ಬಸ್ಸು, ಕಾರು ಎಂದು ಉಕಾರ ಸೇರಿಸುವ ಹಾಗೆ ಅವರು ‘ಬೊಸು’ ಎನ್ನುತ್ತಾರೆ. ನಮ್ಮ ಅಜ್ಜಿಯರ ಕಾಪಿ ಅವರಲ್ಲಿ ‘ಕೊಪಿ’. ವಿಡಿಯೊ ಅವರಿಗೆ ‘ಬಿದಿಯೊ’. ಇಂಗ್ಲಿಷನ್ನು ಹುಟ್ಟಿನಿಂದ ಆಡಿದ ಶಿಕ್ಷಕರಿಗೆ ಈ ತೊಡಕು ಎಲ್ಲಿಂದ ಬರುತ್ತದೆಂದು ಹೊಳೆಯುವುದು ತಡ, ನಮಗೆ ಅದು ನಾಲಿಗೆಯ ಮೇಲೆಯೇ ಗೊತ್ತು. ಎಫ್ ಮತ್ತು ವಿ ಸದ್ದುಗಳಿಗೆ ಮೇಲಿನ ಹಲ್ಲು ಕೆಳತುಟಿಗೆ ತಾಗಬೇಕೆಂದು ಚಿಕ್ಕ ಕನ್ನಡಿ ಹಿಡಿದು ತೋರಿಸಿ. ಪದದ ಕೊನೆಯ ಸದ್ದಿಗೆ ಮುಷ್ಟಿ ಬಿಗಿಹಿಡಿಯುವ ಅಭ್ಯಾಸ ಮಾಡಿಸಿ, ಮುಷ್ಟಿ ಬಿಚ್ಚಿದರೆ ಉಕಾರ ಹೊರಬಿತ್ತೆಂದು ಅರ್ಥ. ಎರಡನೆಯ ವರ್ಷದ ಹೊತ್ತಿಗೆ ನನ್ನ ಸಹಶಿಕ್ಷಕಿಯೂ ಈ ಮುಷ್ಟಿಯ ಉಪಾಯವನ್ನು ತಮ್ಮ ಇತರ ತರಗತಿಗಳಲ್ಲಿ ಬಳಸತೊಡಗಿದ್ದರು.

ಪ್ರಶ್ನೆ ಕೇಳಿದಾಗ ಇಡೀ ತರಗತಿ ಮೌನವಾದರೆ ಅವರಿಗೆ ಬರುವುದಿಲ್ಲವೆಂದು ತಿಳಿಯಬೇಡಿ. ಎಲ್ಲರ ಎದುರು ತಪ್ಪುವ ಅಂಜಿಕೆ ಅದು. ಮೊದಲು ಜೋಡಿಯಲ್ಲಿ ಮಾತಾಡಿಸಿ, ಆಮೇಲೆ ನಾಲ್ವರ ಗುಂಪಿನಲ್ಲಿ, ಕೊನೆಗೆ ತರಗತಿಯ ಮುಂದೆ. 2023ರಲ್ಲಿ ಆ ದೇಶದ ಜನನ ದರ ಒಬ್ಬ ಮಹಿಳೆಗೆ 0.72ಕ್ಕೆ ಇಳಿಯಿತು, ಅದರ ಪರಿಣಾಮ ಹಳ್ಳಿಯ ಶಾಲೆಗಳಲ್ಲಿ ಕಣ್ಣಿಗೆ ಕಟ್ಟುತ್ತದೆ. ನನ್ನ ನಾಲ್ಕನೆಯ ತರಗತಿಯಲ್ಲಿ ಏಳು ಮಕ್ಕಳಿದ್ದರು. ಏಳು ಮಕ್ಕಳ ತರಗತಿಯಲ್ಲಿ ಪ್ರತಿ ಮಗುವಿನ ದಿನಚರಿ ಪುಸ್ತಕಕ್ಕೆ ಉತ್ತರ ಬರೆಯಬಹುದು. ಅಂಥ ಅವಕಾಶ ಸಿಕ್ಕವರು ಅದನ್ನು ವ್ಯರ್ಥ ಮಾಡಬಾರದು.

ಉಡುಗೊರೆಯ ವಿಷಯ: 2016ರ ಸೆಪ್ಟೆಂಬರ್ 28ರಿಂದ ಜಾರಿಯಲ್ಲಿರುವ ಭ್ರಷ್ಟಾಚಾರ ತಡೆ ಕಾನೂನು ಶಾಲಾ ಶಿಕ್ಷಕರಿಗೂ ಅನ್ವಯಿಸುತ್ತದೆ. ಮೇ 15ರ ಶಿಕ್ಷಕರ ದಿನದಂದು ಪೋಷಕರು ಏನಾದರೂ ತಂದರೆ ನಯವಾಗಿ ಹಿಂದಿರುಗಿಸಬೇಕು. ನೀವು ಊರಿನಿಂದ ಒಯ್ದ ಮೈಸೂರುಪಾಕನ್ನು ಶಿಕ್ಷಕರ ಕೋಣೆಯ ಮೇಜಿನ ಮೇಲೆ ಎಲ್ಲರಿಗೂ ಸೇರಿ ಇಡುವುದು ಸರಿಯಾದ ಕ್ರಮ.

ಮರಳುವ ಆರು ತಿಂಗಳ ಮೊದಲು

ಈ ಭಾಗವನ್ನು ಹೋಗುವ ಮೊದಲೇ ಒಮ್ಮೆ ಓದಿ, ಅಲ್ಲಿದ್ದಾಗ ಮತ್ತೊಮ್ಮೆ ಓದಿ.

ಹಣ ಎರಡು ಕಡೆಯಿಂದ ಬರಬೇಕು. ಮೊದಲನೆಯದು ‘ತೊಯ್‌ಜಿಕ್‌ಗುಮ್’, ಅಂದರೆ ಸೇವಾಂತ್ಯದ ಹಣ. ಕನಿಷ್ಠ ಒಂದು ವರ್ಷ ಪೂರೈಸಿದವರಿಗೆ, ಪ್ರತಿ ವರ್ಷದ ಸೇವೆಗೆ ಕೊನೆಯ ಮೂರು ತಿಂಗಳ ಸರಾಸರಿಯ ಒಂದು ತಿಂಗಳ ಸಂಬಳದಂತೆ, ಕೆಲಸ ಬಿಟ್ಟ 14 ದಿನದೊಳಗೆ ಕೊಡಬೇಕೆಂಬುದು ಕಾನೂನು. ತಿಂಗಳಿಗೆ 22 ಲಕ್ಷ ವೋನ್ ಪಡೆದು ಎರಡು ವರ್ಷ ದುಡಿದವರಿಗೆ ಸುಮಾರು 44 ಲಕ್ಷ ವೋನ್ ಬರಬೇಕು. ಹನ್ನೊಂದನೆಯ ತಿಂಗಳಿನಲ್ಲಿ ಬೇಸರವಾಗಿ ಬಿಟ್ಟು ಬಂದವರಿಗೆ ಏನೂ ಬರುವುದಿಲ್ಲ. ಎರಡನೆಯದು ರಾಷ್ಟ್ರೀಯ ನಿವೃತ್ತಿ ವೇತನ ನಿಧಿ. 2025ರವರೆಗೆ ಇದು ಸಂಬಳದ 9 ಶೇಕಡಾ, ಅರ್ಧ ನಿಮ್ಮದು, ಅರ್ಧ ಶಾಲೆಯದು, 2026ರಿಂದ 9.5ಕ್ಕೆ ಏರಿ ವರ್ಷವರ್ಷವೂ ಸ್ವಲ್ಪ ಸ್ವಲ್ಪ ಹೆಚ್ಚುತ್ತದೆ. ಭಾರತ ಮತ್ತು ಕೊರಿಯಾದ ಸಾಮಾಜಿಕ ಭದ್ರತಾ ಒಪ್ಪಂದ 2011ರ ನವೆಂಬರ್ 1ರಿಂದ ಜಾರಿಯಲ್ಲಿರುವುದರಿಂದ ಭಾರತೀಯರು ದೇಶ ಬಿಡುವಾಗ ಇದನ್ನು ಒಟ್ಟಿಗೆ ಹಿಂಪಡೆಯಬಹುದು. ಎಲ್ಲ ದೇಶದವರಿಗೂ ಈ ಸೌಲಭ್ಯ ಇಲ್ಲದ ಕಾರಣ ನಿಮ್ಮ ಸಹೋದ್ಯೋಗಿಗಳು ಸಿಗುವುದಿಲ್ಲವೆಂದರೆ ಅದನ್ನೇ ನಂಬಿ ಸುಮ್ಮನಾಗಬೇಡಿ. ಪಾಸ್‌ಪೋರ್ಟ್, ನೋಂದಣಿ ಚೀಟಿ, ವಿಮಾನದ ಟಿಕೆಟ್, ಬ್ಯಾಂಕ್ ಪುಸ್ತಕ ಹಿಡಿದು ಹೊರಡುವ ತಿಂಗಳಿನಲ್ಲಿ ನಿಧಿಯ ಕಚೇರಿಗೆ ನೀವೇ ಹೋಗಿ; ನೋಂದಣಿ ಚೀಟಿಯನ್ನು ವಿಮಾನನಿಲ್ದಾಣದಲ್ಲಿ ಒಪ್ಪಿಸಿಬಿಡಬೇಕಾದ್ದರಿಂದ ಕೊನೆಯ ದಿನಕ್ಕೆ ಇಟ್ಟುಕೊಳ್ಳುವುದು ಅಪಾಯ.

ಕಾಗದಗಳು ಹಣಕ್ಕಿಂತ ಮುಖ್ಯ. ಶಾಲೆಯಿಂದ ‘ಕ್ಯೊಂಗ್‌ನ್ಯೊಕ್ ಜುಂಗ್‌ಮ್ಯೊಂಗ್‌ಸೊ’ ಎಂಬ ಅನುಭವ ಪತ್ರವನ್ನು ಇಂಗ್ಲಿಷಿನಲ್ಲಿಯೂ ಕೇಳಿ ಪಡೆಯಿರಿ. ಅದರಲ್ಲಿ ಹುದ್ದೆ, ಕಲಿಸಿದ ತರಗತಿಗಳು, ವಾರದ ಗಂಟೆಗಳು, ಸೇರಿದ ಮತ್ತು ಬಿಟ್ಟ ದಿನಾಂಕ ಇರಲಿ. ಅದಕ್ಕೆ ಕೊರಿಯಾ ಸರ್ಕಾರದ ಅಪೊಸ್ಟಿಲ್ ಹಾಕಿಸಿ. ಪ್ರತಿ ವರ್ಷದ ವರಮಾನ ಮತ್ತು ತೆರಿಗೆ ಕಡಿತದ ರಸೀದಿ, ಆ ದೇಶದ ಪೊಲೀಸ್ ಪತ್ರ, ಮೌಲ್ಯಮಾಪನದ ವರದಿ, ಮುಖ್ಯೋಪಾಧ್ಯಾಯರ ಶಿಫಾರಸು ಪತ್ರ ಇವನ್ನೂ ಜೊತೆಗೂಡಿಸಿ. ಅಲ್ಲಿ ಒಂದು ವಾರದಲ್ಲಿ ಆಗುವ ಈ ಕೆಲಸ ಇಲ್ಲಿಂದ ಮಾಡಿಸಹೊರಟರೆ ಎಷ್ಟು ಕಾಲ ಹಿಡಿಯುತ್ತದೆಂದು ಆರಂಭದಲ್ಲಿಯೇ ಹೇಳಿದ್ದೇನೆ. ಕೊರಿಯನ್ ಭಾಷಾ ಪರೀಕ್ಷೆಯಾದ ಟೋಪಿಕ್‌ನ ಫಲಿತಾಂಶ ಎರಡು ವರ್ಷ ಮಾತ್ರ ಮಾನ್ಯವಾದ್ದರಿಂದ ಅದನ್ನು ಮೊದಲ ವರ್ಷ ಬರೆಯದೆ ಕೊನೆಯ ಆರು ತಿಂಗಳಲ್ಲಿ ಬರೆಯಿರಿ.

ಕೊರಿಯಾದ ಮೊಬೈಲ್ ಸಂಖ್ಯೆ ರದ್ದಾದ ಮೇಲೆ ಅಲ್ಲಿನ ಬ್ಯಾಂಕ್ ಖಾತೆಯನ್ನು ದೂರದಿಂದ ನಡೆಸುವುದು ಬಹುಮಟ್ಟಿಗೆ ಅಸಾಧ್ಯ. ತಡವಾಗಿ ಬರುವ ಹಣ ನೇರವಾಗಿ ಊರಿನ ಖಾತೆಗೆ ಹೋಗುವಂತೆ ಬ್ಯಾಂಕಿನಲ್ಲಿ ಲಿಖಿತ ಸೂಚನೆ ಕೊಟ್ಟು, ಕಾಕಾವೊ ಖಾತೆಯನ್ನು ಭಾರತದ ಸಂಖ್ಯೆಗೆ ಬದಲಿಸಿ, ಆಮೇಲೆ ಸಂಪರ್ಕ ಕಡಿಯಿರಿ.

ಊರಿಗೆ ಬಂದ ಮೇಲೆ

ಮೊದಲು ತೆರಿಗೆ. ನಮ್ಮ ಹಣಕಾಸು ವರ್ಷ ಏಪ್ರಿಲ್‌ನಿಂದ ಮಾರ್ಚ್‌ವರೆಗೆ. ಫೆಬ್ರುವರಿಯ ಕೊನೆಗೆ ಮರಳಿದವರು ಆ ಹಣಕಾಸು ವರ್ಷದಲ್ಲಿ ಭಾರತದಲ್ಲಿ ಇದ್ದದ್ದು ಒಂದು ತಿಂಗಳಷ್ಟೇ ಆದ್ದರಿಂದ, ನಡುವೆ ದೀರ್ಘ ರಜೆಗೆ ಬಂದಿರದಿದ್ದರೆ, ಅನಿವಾಸಿಗಳಾಗಿಯೇ ಉಳಿಯುತ್ತಾರೆ. ಕೊರಿಯಾದ ಸಂಬಳ ಇಲ್ಲಿ ತೆರಿಗೆಗೆ ಒಳಪಡುವುದಿಲ್ಲ. ಆಗಸ್ಟ್‌ನಲ್ಲಿ ಮರಳಿದವರು ಮಾರ್ಚ್‌ವರೆಗೆ 182 ದಿನ ದಾಟುವುದರಿಂದ ನಿವಾಸಿಗಳಾಗುತ್ತಾರೆ. ಆಗ ಏಪ್ರಿಲ್‌ನಿಂದ ಆಗಸ್ಟ್‌ವರೆಗಿನ ಕೊರಿಯಾದ ವರಮಾನವನ್ನೂ ಇಲ್ಲಿ ತೋರಿಸಿ, ಅಲ್ಲಿ ಕಟ್ಟಿದ ತೆರಿಗೆಗೆ ಪ್ರತ್ಯೇಕ ನಮೂನೆಯಲ್ಲಿ ರಿಯಾಯಿತಿ ಕೇಳಬೇಕು. ಕೊರಿಯಾದ ಖಾತೆ ತೆರೆದಿಟ್ಟಿದ್ದರೆ ನಿವಾಸಿಯಾದ ವರ್ಷದ ವಿವರಪಟ್ಟಿಯಲ್ಲಿ ವಿದೇಶಿ ಆಸ್ತಿಯ ಭಾಗದಲ್ಲಿ ಅದನ್ನು ನಮೂದಿಸಬೇಕು, ಶೇಷ ಎಷ್ಟೇ ಚಿಕ್ಕದಿರಲಿ. ಅನಿವಾಸಿಗಳಿಗೆಂದು ಇರುವ ಎನ್‌ಆರ್‌ಇ ಬ್ಯಾಂಕ್ ಖಾತೆಯನ್ನು ನಿವಾಸಿ ಖಾತೆಯಾಗಿ ಬದಲಿಸಲು ಬ್ಯಾಂಕಿಗೆ ತಿಳಿಸುವುದು ನಿಮ್ಮ ಹೊಣೆ.

ಕೆಲಸದ ದೃಷ್ಟಿಯಿಂದ, ಕೊರಿಯನ್ ಮಾತು ಕಲಿತು ಬಂದವರಿಗೆ ಶಾಲೆಯ ಹೊರಗೂ ದಾರಿಗಳಿವೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಪ್ರೌಢ ಹಂತದಲ್ಲಿ ಕಲಿಯಬಹುದಾದ ವಿದೇಶಿ ಭಾಷೆಗಳಲ್ಲಿ ಕೊರಿಯನ್ನನ್ನೂ ಹೆಸರಿಸಿದೆ. ಬೆಂಗಳೂರಿನಲ್ಲಿಯೂ, ಪೆನುಕೊಂಡ ಮತ್ತು ಶ್ರೀಪೆರುಂಬುದೂರಿನ ಸುತ್ತಲೂ ಕೊರಿಯಾದ ಕಂಪನಿಗಳಿವೆ, ಅಲ್ಲಿ ಕುಟುಂಬಸಮೇತ ನೆಲೆಸಿದ ಕೊರಿಯನ್ನರಿದ್ದಾರೆ. ಎರಡೂ ಕಡೆಯ ತರಗತಿಯನ್ನು ಬಲ್ಲ ಶಿಕ್ಷಕರು ಅವರ ಮಕ್ಕಳಿಗೆ ಬೇಕಾಗುತ್ತಾರೆ.

ಆದರೆ ನನ್ನ ಮನಸ್ಸು ಇರುವುದು ನಮ್ಮ ಕನ್ನಡ ಶಾಲೆಗಳ ಕಡೆಗೆ. ಏಳು ಮಕ್ಕಳ ತರಗತಿಯಿಂದ ಐವತ್ತು ಮಕ್ಕಳ ತರಗತಿಗೆ ಬಂದಾಗ ಮೊದಲ ತಿಂಗಳು ಕೈ ಕಟ್ಟಿಹಾಕಿದಂತಾಗುತ್ತದೆ. ‘ಅಲ್ಲಿ ಹೀಗಿತ್ತು’ ಎಂಬ ಮಾತನ್ನು ಶಿಕ್ಷಕರ ಕೋಣೆಯಲ್ಲಿ ಆಡಬೇಡಿ, ಅದು ಯಾರಿಗೂ ಉಪಕಾರ ಮಾಡುವುದಿಲ್ಲ. ಅಲ್ಲಿನ ದೊಡ್ಡ ಪರದೆ, ಸಿದ್ಧ ಸಾಮಗ್ರಿ ಇಲ್ಲಿಗೆ ಬಾರವು. ಜೋಡಿಮಾತು, ಮುಷ್ಟಿಯ ಅಭ್ಯಾಸ, ವಾರದ ಜಂಟಿ ಸಿದ್ಧತೆ ಮಾತ್ರ ಖರ್ಚಿಲ್ಲದೆ ಬರುತ್ತವೆ. ತೊಂಬತ್ತರ ದಶಕದಲ್ಲಿ ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ ಆರಂಭವಾದ ನಲಿ-ಕಲಿಯಲ್ಲಿ ಪಳಗಿದ ಶಿಕ್ಷಕರು ಇವನ್ನು ಒಂದೇ ದಿನದಲ್ಲಿ ತಮ್ಮದಾಗಿಸಿಕೊಳ್ಳುತ್ತಾರೆ; ಮೊದಲು ಅವರೊಂದಿಗೆ ಕೂಡಿ.

ಸಾಧ್ಯವಿದ್ದರೆ ಎರಡು ಶಾಲೆಗಳನ್ನು ಒಂದಕ್ಕೊಂದು ಜೋಡಿಸಿ. ಕೊರಿಯಾ ನಮಗಿಂತ ಮೂರೂವರೆ ಗಂಟೆ ಮುಂದಿದೆ: ನಮ್ಮಲ್ಲಿ ಬೆಳಗಿನ ಹತ್ತು ಗಂಟೆಯಾದಾಗ ಅಲ್ಲಿ ಮಧ್ಯಾಹ್ನ ಒಂದೂವರೆ, ಊಟ ಮುಗಿಸಿದ ಮಕ್ಕಳು ತರಗತಿಯಲ್ಲಿರುತ್ತಾರೆ. ಅವರ ಬೇಸಗೆ ರಜೆ ಜುಲೈ ಕೊನೆಗೆ ಬರುವುದರಿಂದ ಜೂನ್ ನಡುವಿನಿಂದ ಜುಲೈ ನಡುವಿನವರೆಗೆ ಒಂದು ತಿಂಗಳು, ಮತ್ತೆ ಸೆಪ್ಟೆಂಬರಿನಿಂದ ನಮ್ಮ ದಸರಾ ರಜೆಯವರೆಗೆ ಒಂದಿಷ್ಟು ವಾರಗಳು ಎರಡೂ ಕಡೆ ಶಾಲೆ ನಡೆದಿರುತ್ತದೆ. ಮೊದಲ ಸಲಕ್ಕೆ ಹದಿನೈದು ನಿಮಿಷ ಸಾಕು. ಪ್ರತಿ ಮಗುವೂ ತನ್ನ ಹೆಸರು, ತನ್ನ ಊರು, ಮತ್ತು ಬೆಳಗ್ಗೆ ಏನು ತಿಂದು ಬಂದೆ ಎಂಬುದನ್ನು ಇಂಗ್ಲಿಷಿನಲ್ಲಿ ಹೇಳಲಿ.